ಮುರುಗೇಶಪ್ಪ ಮಾದರಿ ಫೋನು

ನವೆಂಬರ್ 3, ಸೋಮವಾರ

ಸ್ವಸ್ತಿ ಶ್ರೀ. ಸಮಸ್ತ ಭುವನ ವಿಖ್ಯಾತೆಯೂ, ನಿಟ್ಟುವಳ್ಳಿ ಪುರವರಾಧೀಶ್ವರಿಯೂ, ಮಂಡಕ್ಕಿ ಸಾಮ್ರಾಜ್ಯದ ಏಕೈಕ ಮೊಮ್ಮಗಳೂ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಎರಡು ಪೇಪರುಗಳನ್ನು ಮುಂದಿನ ಸಲಕ್ಕೆಂದು ಉದಾರವಾಗಿ ಕಾಯ್ದಿರಿಸಿದ ಮಹಾತ್ಯಾಗಿಯೂ ಆದ ಕುಮಾರಿ ನಯನಾದೇವಿಯವರು ಹಸಿರು ಜೆಲ್ ಪೆನ್ನಿನಿಂದ ತಮಗೆ ತಾವೇ ಹಾಕಿಸಿಕೊಂಡ ಶಾಸನವಿದು. ಇದನ್ನು ಕದ್ದು ಓದಿದವರು ಅರವತ್ತು ಸಾವಿರ ವರ್ಷ ನೆಟ್‌ವರ್ಕ್ ಸಿಗದ ಜಾಗದಲ್ಲಿ ಹುಳುವಾಗಿ ಹುಟ್ಟುತ್ತಾರೆ.

ವಿಷಯ ಏನೆಂದರೆ, ಇವತ್ತು ಬೆಳಿಗ್ಗೆ ಯಾರೂ ಕೇಳದ ಒಂದು ಗಾಡಿ ಮಂಡಕ್ಕಿ ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು.

ಅಜ್ಜ ಮುರುಗೇಶಪ್ಪನದು ಮಂಡಕ್ಕಿಯ ಸಗಟು ವ್ಯಾಪಾರ. ಹರಿಹರದಲ್ಲಿ ಕಮಲಕ್ಕನ ಭಟ್ಟಿ. ಅಲ್ಲಿ ಹುರಿದದ್ದು ದಾವಣಗೆರೆಯ ನಮ್ಮ ಅಂಗಡಿಗೆ ಬಂದು ಇಲ್ಲಿಂದ ಊರೂರಿಗೆ ಹೋಗುತ್ತದೆ. ಇವರಿಬ್ಬರ ನಡುವೆ ಒಂದು ಹಳೆಯ ಪದ್ಧತಿ ಇದೆ. ಬೆಳಿಗ್ಗೆ ಕಮಲಕ್ಕ ಫೋನ್ ಮಾಡಿ ದರ ಹೇಳುತ್ತಾಳೆ. ಅಜ್ಜ ‘ನೋಡಾಣ’ ಎಂದು ಇಟ್ಟುಬಿಡುತ್ತಾನೆ. ಆಮೇಲೆ ಮಾಲು ಬೇಕೆನಿಸಿದರೆ ಅವಳಿಗೆ ಒಂದು ಮಿಸ್ ಕಾಲ್ ಕೊಡುತ್ತಾನೆ. ಒಂದು ಮಿಸ್ ಕಾಲ್ ಎಂದರೆ ಒಂದು ಗಾಡಿ, ಎರಡೆಂದರೆ ಎರಡು. ಕಾಲ್ ಬರದಿದ್ದರೆ ಬೇಡ ಎಂದರ್ಥ. ಸಹಿ ಇಲ್ಲ, ಕಾಗದ ಇಲ್ಲ. ಆ ರಿಂಗೇ ಅಜ್ಜನ ಮಾತು, ಆ ಮಾತನ್ನು ಅಜ್ಜ ಇದುವರೆಗೆ ತಪ್ಪಿದವನಲ್ಲ.

ಆದರೆ ಹೋದ ವರ್ಷದಿಂದ ಅಜ್ಜನ ಬಲಗೈ ನಡುಗುತ್ತದೆ. ಅಪ್ಪ ಕೊಡಿಸಿದ ಟಚ್ ಫೋನು ಗಾಳಿ ಸೋಕಿದರೂ ‘ಅಪ್ಪಣೆ’ ಎನ್ನುವ ಜಾತಿಯದು. ಅಜ್ಜ ಜೇಬಿನಿಂದ ತೆಗೆಯುವಷ್ಟರಲ್ಲಿ ಅದು ಯಾರಿಗೋ ಫೋನು ಹಚ್ಚಿರುತ್ತದೆ. ಹೆಚ್ಚಾಗಿ ಪಟ್ಟಿಯ ಮೇಲ್ತುದಿಯಲ್ಲಿರುವ ಕಮಲಕ್ಕನಿಗೇ.

ಇವತ್ತು ಕಮಲಕ್ಕ ಗಾಡಿಯ ಜೊತೆ ತಾನೂ ಇಳಿದಳು.

“ಯಜಮಾನ್ರೇ, ನಿಮ್ ಕಾಲ್ ಬಂದೈತೆ, ನೋಡ್ರಿ ಇಲ್ಲಿ. ನಾನೇನ್ ಕನಸು ಕಂಡು ಗಾಡಿ ತುಂಬಿಸಿದ್ನಾ?”

“ನಾನು ಮಾಡಿಲ್ಲ ಕಮಲವ್ವ.”

“ಮತ್ಯಾರು ಮಾಡಿದ್ರು, ನಿಮ್ ಜುಬ್ಬಾನಾ?”

ಹಮಾಲರೆಲ್ಲ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. “ಅಪ್ಪಾಜಿ, ಇದು ಮೂರನೇ ಸಲ. ಮಂಡಕ್ಕಿ ಏನ್ ಬಂಗಾರನಾ ಇಟ್ಕಂಡು ಕೂರಾಕೆ? ನಾಲ್ಕು ದಿನಕ್ಕೆ ಮೆತ್ತಗಾಗ್ತೈತೆ. ಫೋನ್ ಇನ್ಮ್ಯಾಲೆ ನನ್ನತ್ರ ಇರ್ಲಿ. ನೀವು ಮನ್ಯಾಗೆ ಆರಾಮಾಗಿರ್ರಿ.”

ಅಜ್ಜ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತ.

ಆಗ ನಾನು ಎದ್ದು ನಿಂತು, ಮಾನ್ಯ ನ್ಯಾಯಾಲಯ ತೀರ್ಪು ಕೊಡುವ ಮುನ್ನ ಒಂದು ಆಯೋಗ ರಚಿಸಬೇಕೆಂದೂ, ಅಜ್ಜನಿಗೆ ಒಪ್ಪುವ ಪರ್ಯಾಯ ಫೋನನ್ನು ಆಯೋಗವೇ ತಯಾರಿಸುವುದೆಂದೂ, ಆಯೋಗ ಎಂದರೆ ನಾನೆಂದೂ ಘೋಷಿಸಿದೆ. ಅಪ್ಪ ಹಣೆ ಚಚ್ಚಿಕೊಂಡ. “ಚಟ್ಟಿ ಅಮಾವಾಸ್ಯೆ ಪೂಜೆವರೆಗೆ ಟೈಮ್. ಅವತ್ತು ಎಲ್ರ ಎದುರಿಗೆ ನೋಡ್ತೀನಿ. ಸರಿ ಹೋದ್ರೆ ಸರಿ, ಇಲ್ದಿದ್ರೆ ಫೋನ್ ನಂದು.”

ಮನೆಯಲ್ಲಿ ಊಟಕ್ಕೆ ಒಗ್ಗರಣೆ ಮಂಡಕ್ಕಿ. ನಾಳೆಯೂ ಅದೇ ಎಂದು ಅಜ್ಜಿ ಎಚ್ಚರಿಸಿದ್ದಾಳೆ. ಅಜ್ಜ ಮಲಗಿದ ಮೇಲೆ ಅವನು ಫೋನು ಹಿಡಿಯುವುದನ್ನು ಅಣಕಿಸಿ ತೋರಿಸಿದೆ. ನನ್ನ ಕೈ ಅಜ್ಜನ ಕೈಗಿಂತ ಚೆನ್ನಾಗಿ ನಡುಗುತ್ತದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ನವೆಂಬರ್ 5, ಬುಧವಾರ

ಆಯೋಗದ ವಿಚಾರಣೆ ಆರಂಭ. ಅಧ್ಯಕ್ಷರು ಮಂಡಕ್ಕಿ ಚೀಲದ ಮೇಲೆ ಆಸೀನರಾದರು.

ಮೊದಲನೆಯ ಸಾಕ್ಷಿ ಮುರುಗೇಶಪ್ಪನವರು. ತಮಗೆ ಎಂಥ ಫೋನು ಬೇಕು ಎಂದು ಕೇಳಲಾಗಿ, “ನಾನು ಒತ್ತಿದ್ರೆ ಒತ್ತಿಸ್ಕಬೇಕು. ಒತ್ತದಿದ್ರೆ ಸುಮ್ನೆ ಬಿದ್ದಿರ್ಬೇಕು” ಎಂದರು.

“ಕ್ಯಾಮೆರಾ ಎಷ್ಟು ಇರ್ಲಿ ಅಜ್ಜಾ?”

“ನನ್ ಮಖ ನಿಮ್ಮಜ್ಜಿ ದಿನಾ ನೋಡ್ತಾಳೆ. ಅದೇ ಹೆಚ್ಚು.”

ಎರಡನೆಯ ಸಾಕ್ಷಿ ಅಜ್ಜಿ ಕಸ್ತೂರಮ್ಮ. ಟಾರ್ಚಿಗೆ ಹೊರಗಡೆಯೇ ಒಂದು ಗುಂಡಿ ಬೇಕಂತೆ. “ದೇವ್ರ ಮನ್ಯಾಗೆ ಕತ್ಲು ಅಂತ ಬೆಳಕು ಹಚ್ಚಾಕೆ ಹೋದ್ರೆ ನಿಮ್ಮತ್ತೆ ಮಖ ಬರ್ತೈತೆ ಕಣೇ. ಅವ್ಳು ಅತ್ಲಾಗಿಂದ ಹಲ್ಲು ಉಜ್ತಾ ‘ಏನವ್ವ’ ಅಂತಾಳೆ.”

ಮೂರನೆಯ ಸಾಕ್ಷಿ ಕಮಲಕ್ಕ ಭಟ್ಟಿಯಿಂದಲೇ ಫೋನಿನಲ್ಲಿ ಹಾಜರು. ಒಲೆಯ ಸದ್ದಿಗೆ ಇಬ್ಬರೂ ಕಿರುಚಬೇಕಾಯಿತು. “ನನ್ ಬೆರಳು ಅದಕ್ಕೆ ಬೆರಳೇ ಅಲ್ವಂತೆ ನಯನವ್ವ! ಉಪ್ಪುನೀರಾಗೆ, ಕಾದ ಮರಳಾಗೆ ಗೆರೆ ಎಲ್ಲಾ ಸವೆದೋಗ್ಯಾವೆ. ಬೆರಳು ಇಡು ಅಂತೈತೆ, ಇಟ್ರೆ ನೀ ಯಾರು ಅಂತೈತೆ! ಹಿಂದಿನ ಮುಚ್ಚಳ ಬಿಚ್ಚೋ ಹಂಗೆ ಮಾಡವ್ವ, ಮರಳು ಒದರಿ ಮತ್ತೆ ಹಾಕ್ಕಂತೀನಿ.”

ಸಂಜೆ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಇಂಥ ಪರ್ಯಾಯ ಫೋನು ಬೇಕೆನ್ನುವ ದೊಡ್ಡ ಕುಲವೇ ಪ್ರಪಂಚದಲ್ಲಿದೆ! ಒಬ್ಬನಿಗೆ ಕೈಯಲ್ಲೇ ಬಿಚ್ಚಿ ಬದಲಿಸುವ ಬ್ಯಾಟರಿ ಬೇಕು. ಇನ್ನೊಬ್ಬಳಿಗೆ ಇಯರ್‌ಫೋನಿನ ತೂತು ವಾಪಸ್ ಬೇಕು. ಮತ್ತೊಬ್ಬ, ಮೈಕಿನ ತಂತಿಯನ್ನೇ ಕಡಿಯುವಂಥ ನಿಜವಾದ ಸ್ವಿಚ್ಚು ಕೊಡಿ, ಪರದೆಯ ಮೇಲಿನ ಚಿತ್ರದ ಸ್ವಿಚ್ಚನ್ನು ನಾನು ನಂಬುವುದಿಲ್ಲ ಎಂದು ಜಗಳಕ್ಕೆ ನಿಂತಿದ್ದಾನೆ. ಜರ್ಮನಿಯವನೊಬ್ಬ, ತಾನು ಹೇಳದೆ ತನ್ನ ಫೋನು ಏನನ್ನೂ ಮಾಡಬಾರದು ಎಂದು ಉದ್ದಕ್ಕೆ ಬರೆದಿದ್ದ. ಅಜ್ಜ ಅದನ್ನೇ ಎರಡು ವಾಕ್ಯದಲ್ಲಿ ಮುಗಿಸಿದ್ದ. ಇವರಿಬ್ಬರನ್ನು ಕೂರಿಸಿ ಮಿರ್ಚಿ ಮಂಡಕ್ಕಿ ತಿನ್ನಿಸಬೇಕು.

ನವೆಂಬರ್ 8, ಶನಿವಾರ

ಹರಿಹರದಲ್ಲಿ ಮಸ್ತಾನಸಾಬ್ ಅವರ ಮೊಬೈಲ್ ರಿಪೇರಿ ಅಂಗಡಿಗೆ ಆಯೋಗದ ಪ್ರವಾಸ. ತಾನು ಸರಿ ಮಾಡದ ಫೋನು ಇನ್ನೂ ಹುಟ್ಟಿಲ್ಲ ಎನ್ನುವುದು ಅವರ ಮಾತು. ಅವರ ಹಿಂದಿನ ಗೋಡೆಯಲ್ಲಿ ಸತ್ತ ಫೋನುಗಳ ರಾಶಿ ಅದನ್ನು ಒಪ್ಪುವಂತೆ ಕಾಣಲಿಲ್ಲ.

ಒಂದು ಹಳೆ ಗುಂಡಿ ಫೋನು ಕೊಟ್ಟರು. “ಒಯ್ಯಿ ಬೇಟಿ. ಇದು ಬಿದ್ರೆ ನೆಲಕ್ಕೆ ಪೆಟ್ಟು, ಫೋನಿಗಲ್ಲ.”

ವಿಜಯೋತ್ಸವದೊಡನೆ ಮರಳಿದೆ. ಅಜ್ಜ ಒತ್ತಿದ. ಸಣ್ಣ ಗುಂಡಿ, ನಡುಗುವ ಹೆಬ್ಬೆರಳು. ಎರಡನ್ನು ಒಮ್ಮೆ ಒತ್ತಿದರೆ ಮೂರು ಎರಡುಗಳು ಮೂಡಿದವು. ಕಮಲಕ್ಕನಿಗೆ ಹೋಗಬೇಕಾದ ಫೋನು ಉಕ್ಕಡಗಾತ್ರಿ ದೇವಸ್ಥಾನದ ಬಳಿಯ ಯಾವುದೋ ತೆಂಗಿನಕಾಯಿ ಅಂಗಡಿಗೆ ಹೋಯಿತು. ಅಮಾವಾಸ್ಯೆಗೆ ಎಷ್ಟು ಕಾಯಿ ಎತ್ತಿಡಲಿ ಎಂದು ಅವರು ಕೇಳಿದರು. ಅಜ್ಜ ದಾಕ್ಷಿಣ್ಯಕ್ಕೆ ಎರಡು ಹೇಳಿದ.

ಆಯೋಗ ಎದೆಗುಂದಿಲ್ಲ.

ನವೆಂಬರ್ 10, ಸೋಮವಾರ

ಅಜ್ಜ ಇವತ್ತು ಯಾವ ಫೋನನ್ನೂ ಅಂಗಡಿಗೆ ಒಯ್ಯಲಿಲ್ಲ. ಎರಡನ್ನೂ ಟಿವಿ ಪಕ್ಕದಲ್ಲಿಟ್ಟು ಹೋದ. ಮರೆತಿರಬೇಕು.

ಒಯ್ದು ಕೊಟ್ಟು ಬಂದೆ. ಆ ಕಡೆ ಕೆಲಸವಿತ್ತು.

ನವೆಂಬರ್ 12, ಬುಧವಾರ

ಇತಿಹಾಸ ಈ ದಿನವನ್ನು ಬಂಗಾರದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಸದ್ಯಕ್ಕೆ ಹಸಿರು ಜೆಲ್.

ಹಮಾಲ ಸೂರಪ್ಪನ ಚಹಾಕ್ಕೆ ಉಪ್ಪು ಹಾಕುವ ಪವಿತ್ರ ಉದ್ದೇಶದಿಂದ ಅಂಗಡಿಗೆ ಹೋಗಿದ್ದೆ. ಅಲ್ಲಿ ಅಜ್ಜ ತಕ್ಕಡಿ ಸರಿಯಿದೆಯೇ ಎಂದು ನೋಡುತ್ತಿದ್ದ. ಅರ್ಧ ಕೆಜಿಯ ಕಬ್ಬಿಣದ ತೂಕದ ಕಲ್ಲನ್ನು ಬಲಗೈಯಲ್ಲಿ ಎತ್ತಿ, ಕಣ್ಣೆದುರು ಹಿಡಿದು, ಮೆಲ್ಲಗೆ ತಟ್ಟೆಗೆ ಇಳಿಸಿದ.

ಕೈ ನಡುಗಲಿಲ್ಲ.

ಉಪ್ಪಿನ ಪೊಟ್ಟಣ ಕೆಳಗೆ ಬಿತ್ತು. “ಅಜ್ಜಾ, ಇನ್ನೊಂದ್ಸಲ ಎತ್ತು.” ಎತ್ತಿದ. ನಿಂತ ನೀರಿನ ಹಾಗೆ. ಕಾಲು ಕೆಜಿ ಕೊಟ್ಟೆ, ಸಣ್ಣಗೆ ಅದುರಿತು. ಖಾಲಿ ಕೈ, ಮತ್ತೆ ಕುಣಿತ. ಮತ್ತೆ ಅರ್ಧ ಕೆಜಿ, ಮತ್ತೆ ಬಂಡೆಯಂತೆ ಸ್ಥಿರ.

“ನಿಂಗೆ ಇದು ಗೊತ್ತಿತ್ತಾ?”

“ಗೊತ್ತಿರದೇನು. ಭಾರ ಕೊಟ್ರೆ ಕೈಗೆ ಕೆಲ್ಸ ಸಿಗ್ತೈತೆ ಅವ್ವ. ಖಾಲಿ ಬಿಟ್ರೆ ತಾನೇ ಏನೋ ಹುಡಿಕ್ಯಂಡು ಅಲೀತೈತೆ.”

“ಮತ್ತ್ಯಾಕೆ ಆಯೋಗದ ಮುಂದೆ ಹೇಳ್ಲಿಲ್ಲ?”

“ನೀನು ಫೋನಾಗೆ ಏನ್ ಬೇಕು ಅಂತ ಕೇಳ್ದೆ. ಕೈಗೆ ಏನ್ ಬೇಕು ಅಂತ ಕೇಳ್ಲಿಲ್ಲ.”

ಇಡೀ ಜಗತ್ತಿನ ಕಂಪನಿಗಳು ಫೋನನ್ನು ತೆಳ್ಳಗೆ, ಹಗುರ ಮಾಡಲು ಬೆವರು ಸುರಿಸುತ್ತಿವೆ. ಅವರೆಲ್ಲ ತಪ್ಪು ದಾರಿಯಲ್ಲಿದ್ದಾರೆ. ಅಜ್ಜನಿಗೆ ಬೇಕಾದದ್ದು ಅರ್ಧ ಕೆಜಿಯ ಫೋನು!

ಸೂರಪ್ಪ ಒಳ್ಳೆಯ ಚಹಾ ಕುಡಿದ. ಅವನ ಅದೃಷ್ಟ.

ನವೆಂಬರ್ 14, ಶುಕ್ರವಾರ

ಭಾರಕ್ಕೆ ಏನು ಕಟ್ಟುವುದೆಂದು ಮನೆಯೆಲ್ಲ ಜಾಲಾಡಿದಾಗ ಅಟ್ಟದಲ್ಲಿ ಅಜ್ಜನ ಹಿತ್ತಾಳೆಯ ಎಲೆಅಡಿಕೆ ಡಬ್ಬಿ ಸಿಕ್ಕಿತು. ಡಾಕ್ಟರು ಅಡಿಕೆ ಬಿಡಿಸಿದ ಮೇಲೆ ಅದು ವನವಾಸದಲ್ಲಿತ್ತು. ಅಂಗೈಗೆ ತುಂಬಿ ಬರುತ್ತದೆ, ಕೀಲಿನ ಮುಚ್ಚಳವಿದೆ, ಒಳ್ಳೆ ಭಾರ.

ಕಾಲೇಜು ಬಿಟ್ಟು ಹರಿಹರಕ್ಕೆ ಹೋದೆ. ನನ್ನ ಯೋಜನೆ ಇಷ್ಟು: ಡಬ್ಬಿಯ ಒಳಗೆ ಗುಂಡಿ ಫೋನು ಕೂರಬೇಕು. ಡಬ್ಬಿಯ ಪಕ್ಕೆಗೆ ಮನೆಬಾಗಿಲ ಕಾಲಿಂಗ್ ಬೆಲ್ಲಿನ ಎರಡು ದಪ್ಪ ಗುಂಡಿ. ಹಸಿರು ಒತ್ತಿದರೆ ನೇರ ಕಮಲಕ್ಕನಿಗೆ ರಿಂಗ್, ಕೆಂಪು ಒತ್ತಿದರೆ ಕಟ್. ಎರಡಕ್ಕೂ ಬಿಗಿ ಸ್ಪ್ರಿಂಗು. ಮನಸ್ಸಿಟ್ಟು ಒತ್ತಿದರೆ ಮಾತ್ರ ಇಳಿಯಬೇಕು.

ಮಸ್ತಾನಸಾಬ್ ಕನ್ನಡಕ ಹಣೆಗೇರಿಸಿದರು. “ಬೇಟಿ, ದುನಿಯಾ ಎಲ್ಲಾ ಪತಲಾ, ತೆಳ್ಳಗೆ ಮಾಡಿಕೊಡ್ರಿ ಅಂತೈತೆ. ನೀನು ಫೋನಿಗೆ ಹಂಡೆ ಕಟ್ಟು ಅಂತೀಯಲ್ಲ!”

“ಆಗಲ್ವಾ ಸಾಬ್ರೇ?”

“ಆಗಲ್ಲ ಅಂತ ನನ್ ಬಾಯಾಗೆ ಬರಂಗಿಲ್ಲ” ಎಂದು ಕೆಲಸಕ್ಕಿಳಿದು, ಮೊದಲ ಫೋನನ್ನು ಸುಟ್ಟರು. ಅದು ಕಂಪನಿಯ ತಪ್ಪಂತೆ. ಎರಡನೆಯದಕ್ಕೆ ನಾನೇ ಸೋಲ್ಡರಿಂಗ್ ಕಡ್ಡಿ ಹಿಡಿದೆ. ಫೇಲಾದ ಪೇಪರುಗಳಲ್ಲಿ ಒಂದು ಇದೇ ವಿಷಯದ್ದು ಎಂಬುದನ್ನು ಅವರಿಗೆ ಹೇಳಲಿಲ್ಲ. ಬೆಸುಗೆ ಹಾಕುವಾಗ ನನ್ನ ಕೈಯೂ ಸ್ವಲ್ಪ ನಡುಗಿತು. ಹಸಿವಿಗೆ ಇರಬೇಕು.

ಸಂಜೆ ಒಂದು ದೋಷ ಪತ್ತೆಯಾಯಿತು. ಹಿತ್ತಾಳೆಯ ಮುಚ್ಚಳ ಮುಚ್ಚಿದರೆ ಸಿಗ್ನಲ್ ಒಳಗೆ ಹೋಗುವುದೇ ಇಲ್ಲ. ತಲೆ ತಗ್ಗಿಸಿ ಅಜ್ಜನಿಗೆ ವರದಿ ಒಪ್ಪಿಸಿದೆ. ಅಜ್ಜ ಮುಚ್ಚಿದ, ತೆಗೆದ, ಮುಚ್ಚಿದ.

“ಅಂದ್ರೆ ಮುಚ್ಚಿದಾಗ ಯಾರೂ ನನ್ನ ಕರೆಯಂಗಿಲ್ಲ, ನಾನೂ ಯಾರನ್ನೂ ಕರೆಯಂಗಿಲ್ಲ?”

“ಹೂಂ ಅಜ್ಜಾ. ತಪ್ಪಾಗೈತೆ.”

“ಏ, ಇದನ್ನ ಯಾಕೆ ತಪ್ಪು ಅಂತೀಯ? ಇದೊಂದು ಇರ್ಲೇಬೇಕು” ಎಂದು ಟಪ್ಪನೆ ಮುಚ್ಚಿ ಮಧ್ಯಾಹ್ನ ಬಿಟ್ಟುಹೋದ ನಿದ್ದೆಯನ್ನು ಸಂಜೆಯೇ ಪೂರೈಸಿದ.

ನವೆಂಬರ್ 16, ಭಾನುವಾರ

ಅತ್ತೆಯ ಮನೆಯವರು ಬಂದಿದ್ದರು. ಅಜ್ಜನ ಕೈಯ ಅಣಕ ಮಾಡಿ ತೋರಿಸು ಎಂದರು. ಗಂಟಲು ಸರಿಯಿಲ್ಲ ಎಂದೆ.

ಅತ್ತೆಯ ಮಗ ತಾನೇ ಮಾಡಿದ. ಎಲ್ಲರೂ ನಕ್ಕರು. ಏನೂ ಚೆನ್ನಾಗಿರಲಿಲ್ಲ, ನಡುಗುವುದು ಹಾಗಲ್ಲ. ಅವನ ತಟ್ಟೆಯ ಮೆಣಸಿನಕಾಯಿಯೆಲ್ಲ ನಾನೇ ತಿಂದುಬಿಟ್ಟೆ.

ನವೆಂಬರ್ 18, ಮಂಗಳವಾರ

ಡಬ್ಬಿ ಸಿದ್ಧ. ಅಜ್ಜಿ ಅಜ್ಜನ ಜುಬ್ಬಾದ ಜೇಬಿಗೆ ಒಳಗಿನಿಂದ ಚೀಲದ ಬಟ್ಟೆ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದಳು. “ಈ ಭಾರಕ್ಕೆ ನಿಮ್ಮಜ್ಜ ಒಂದ್ಕಡೆ ವಾಲಿ ನಡೀತಾನೆ ನೋಡು” ಎಂದಳು.

ಅಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪರೀಕ್ಷೆಗೆಂದು ನನ್ನ ನಂಬರು ಹಾಕಿಟ್ಟಿದ್ದೆ. ಹಸಿರು ಒತ್ತಿದ, ನನ್ನ ಫೋನು ಬಡಿದುಕೊಂಡಿತು. ಕೆಂಪು ಒತ್ತಿದ, ನಿಂತಿತು. ಮತ್ತೆ ಒತ್ತಿದ, ಮತ್ತೆ ನಿಲ್ಲಿಸಿದ. ನಾನು ಇದ್ದೇನೆಂಬುದನ್ನೇ ಮರೆತು ಬಹಳ ಹೊತ್ತು ಅದನ್ನೇ ಮಾಡುತ್ತಿದ್ದ.

“ಗುರುವಾರ ಕೈಕೊಟ್ರೆ?” ಎಂದ ಕೊನೆಗೆ.

“ಕೊಡಲ್ಲ” ಎಂದೆ. ಆಯೋಗ ಹೀಗೆಯೇ ಮಾತಾಡಬೇಕು.

“ಕೊಟ್ರೆ ಮಾತ್ರ ನನ್ ಮಾತಿಗೆ ನಾನು ನಿಲ್ತೀನಿ. ಆಮ್ಯಾಲೆ ಅಳಬ್ಯಾಡ.”

ಅಳುವವರು ಯಾರು?

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಅಂಗಡಿಯಲ್ಲಿ ಪೂಜೆ. ಬಾಗಿಲಿಗೆ ಮಾವಿನೆಲೆ, ಗಲ್ಲಾಪೆಟ್ಟಿಗೆಗೆ ಹೂವು. ಅಜ್ಜಿ ನೀರಿನಲ್ಲಿ ಕಲಸಿದ ವಿಭೂತಿಯನ್ನು ತಕ್ಕಡಿಗೆ, ತೂಕದ ಕಲ್ಲುಗಳಿಗೆ, ಚೀಲ ಹೊಲಿಯುವ ದಬ್ಬಣಕ್ಕೆ ಬಳಿದು, ಹೊಸ ಡಬ್ಬಿಯನ್ನು ಕಂಡು ಭಕ್ತಿ ಉಕ್ಕಿ, ಎರಡೂ ಗುಂಡಿಗಳ ಮೇಲೆ ಮೂರು ಮೂರು ಗೆರೆ ಧಾರಾಳವಾಗಿ ಎಳೆದು, ನಡುವೆ ಕುಂಕುಮವಿಟ್ಟಳು. ಡಬ್ಬಿ ಮದುವೆ ಗಂಡಿನಂತೆ ಕಂಡಿತು.

ಮಂಗಳಾರತಿ, ಪ್ರಸಾದ ಎಲ್ಲ ಮುಗಿಯಿತು. ಅಜ್ಜ ಗಾದಿಯ ಮೇಲೆ ಡಬ್ಬಿ ತೆರೆದಿಟ್ಟು ಕೂತ. ಅಪ್ಪ ಎದುರಿಗೆ. ಹಮಾಲರು ಬಾಗಿಲಲ್ಲಿ. ಅಧ್ಯಕ್ಷರು ಚೀಲದ ಮೇಲೆ, ಉಗುರು ಕಚ್ಚುತ್ತ.

ಅಪ್ಪನ ಫೋನಿಗೆ ಕಮಲಕ್ಕನ ಕರೆ ಬಂತು, ಅಪ್ಪ ಅಜ್ಜನಿಗೆ ಕೊಟ್ಟ. ದರ ಹೇಳಿದಳು. “ನೋಡಾಣ” ಎಂದು ಅಜ್ಜ ಇಟ್ಟ. ಒಳಗಿನ ಚೀಲಗಳನ್ನು ಕಣ್ಣಲ್ಲೇ ಎಣಿಸಿದ. ಆಮೇಲೆ ಅಪ್ಪನ ಕಡೆ ನೋಡಿ, “ಒಂದು ಗಾಡಿ ತರಿಸ್ತೀನಿ ಶಿವಕುಮಾರ” ಎಂದ.

ಡಬ್ಬಿಯನ್ನು ಬಲಗೈಯಲ್ಲಿ ಎತ್ತಿದ. ಕೈ ನಡುಗಲಿಲ್ಲ! ಎಲ್ಲರೂ ಡಬ್ಬಿ ನೋಡುತ್ತಿದ್ದರು, ನಾನು ಅಪ್ಪನನ್ನು ನೋಡುತ್ತಿದ್ದೆ. ಅಪ್ಪ ಉಸಿರು ಹಿಡಿದಿದ್ದ. ಅಜ್ಜ ಹೆಬ್ಬೆರಳನ್ನು ಹಸಿರಿನ ಮೇಲಿಟ್ಟು ಒತ್ತಿದ. “ಇವತ್ತು ಸ್ವಲ್ಪ ಗಟ್ಟಿ ಐತಲ್ಲ” ಎಂದ. “ಹೊಸದು ಅಜ್ಜಾ” ಎಂದೆ. ಒಂದು ರಿಂಗಿನಷ್ಟು ಕಾದು ಕೆಂಪು ಒತ್ತಿ ಕೆಳಗಿಟ್ಟ.

ಇನ್ನು ಕಾಯುವುದು. ಅಪ್ಪ ಹತ್ತು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದ. ಅಜ್ಜ ಒಬ್ಬನೇ ಆರಾಮಾಗಿದ್ದ, ಕೊಬ್ಬರಿ ಚೂರು ಅಗಿಯುತ್ತ.

ಗಾಡಿ ಬಂತು. ಒಂದೇ ಗಾಡಿ! ಹಮಾಲರು ಕೂಗು ಹಾಕಿದರು. ಅಪ್ಪ ಡಬ್ಬಿಯ ಮುಚ್ಚಳ ಮುಚ್ಚಿ, ಟವೆಲಿನಿಂದ ಒರೆಸಿ, ತಾನೇ ಅಜ್ಜನ ಜೇಬಿಗೆ ಇಳಿಬಿಟ್ಟ. “ನಾಳೆಗೆ ಎರಡು ಗಾಡಿ ಬೇಕಾಗ್ಬೋದು ಅಪ್ಪಾಜಿ. ನೀವೇ ನೋಡ್ರಿ” ಎಂದಷ್ಟೇ ಹೇಳಿ ಚೀಲ ಇಳಿಸುವವರ ಕಡೆ ಹೋದ. ಅಜ್ಜ ಜೇಬಿನ ಮೇಲಿಂದ ಡಬ್ಬಿಯನ್ನು ಮುಟ್ಟಿ ನೋಡಿಕೊಂಡ.

ಈ ಶುಭ ಸಂದರ್ಭದಲ್ಲಿ ಆಯೋಗವು ತನಗೆ ತಾನೇ ‘ದೂರವಾಣಿ ಶಿರೋಮಣಿ’, ‘ಹಿತ್ತಾಳೆ ಸರಸ್ವತಿ’, ‘ಕಂಪನ ಕೋಲಾಹಲೆ’ ಎಂಬ ಬಿರುದುಗಳನ್ನು ದಯಪಾಲಿಸಿಕೊಂಡಿದೆ. ಪೇಪರು ಪಾಸಾಗದಿದ್ದರೂ ಪರವಾಗಿಲ್ಲ.

ನವೆಂಬರ್ 22, ಶನಿವಾರ

ನಿನ್ನೆ ಬೆಳಿಗ್ಗೆ ಅಜ್ಜ ಎರಡು ಸಲ ಒತ್ತಿದ್ದಾನೆ. ಒಂದು ಗಾಡಿಯೂ ಬರಲಿಲ್ಲ. ಕೂಗಾಡಬೇಕಿದ್ದ ಅಪ್ಪ, “ಕಮಲಕ್ಕಂಗೆ ಏನೋ ತೊಂದ್ರೆ ಇರ್ಬೇಕು ಬಿಡ್ರಿ ಅಪ್ಪಾಜಿ” ಎಂದನಂತೆ. ಅಪ್ಪನ ಬಾಯಲ್ಲಿ ಇಷ್ಟು ಮೆತ್ತಗಿನ ಮಾತು ಕೇಳಿದ್ದು ಇದೇ ಮೊದಲು.

ನಿನ್ನೆ ಸಂಜೆಯೇ ಡಬ್ಬಿ ಬಿಚ್ಚಿದೆ. ಅಜ್ಜಿಯ ವಿಭೂತಿ ಗುಂಡಿಯ ಸಂದಿಗೆ ಇಳಿದು, ಒಣಗಿ, ಸುಣ್ಣದ ಗೋಡೆಯಾಗಿ ಕೂತಿದೆ. ಒತ್ತಿದರೆ ಅರ್ಧ ಇಳಿಯುತ್ತದೆ, ತಂತಿಗೆ ತಾಗುವುದಿಲ್ಲ. ಫೋನಿನ ಒಳಗೆ ನೋಡಿದರೆ, ಬುಧವಾರ ನಾನು ಕಮಲಕ್ಕನ ನಂಬರು ಹಾಕಿ ನೋಡಿದ ನಂತರ ಒಂದು ಕರೆಯೂ ಹೊರಗೆ ಹೋಗಿಲ್ಲ. ಎಲ್ಲರೂ ಕೂಗು ಹಾಕಿದ ಆ ರಿಂಗು ಕೂಡ!

ಕಮಲಕ್ಕನಿಗೆ ಫೋನ್ ಮಾಡಿದೆ.

“ಅಮಾವಾಸ್ಯೆ ದಿನ ನಿಂಗೆ ರಿಂಗ್ ಬಂತಾ ಕಮಲಕ್ಕ?”

“ಎಲ್ಲಿ ಬಂತು? ಬರ್ಲಿಲ್ಲ.”

“ಮತ್ತೆ ಗಾಡಿ ಹೆಂಗೆ ಕಳ್ಸಿದೆ?”

“ನಿಮ್ಮಪ್ಪ ಮುಂಜಾನೆ ಫೋನ್ ಮಾಡಿದ್ದ. ‘ಕಾಲ್ ಬರ್ಲಿ ಬಿಡ್ಲಿ, ಒಂದು ಗಾಡಿ ಕಳ್ಸಿಬಿಡು ಅಕ್ಕ, ಅಪ್ಪಾಜಿ ಮಖ ಸಣ್ಣದಾಗೋದು ನನ್ ಕೈಲಿ ನೋಡಾಕಾಗಲ್ಲ’ ಅಂದ. ಯಾರಿಗೂ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕಂಡಾನೆ. ನೀನೂ ಹೇಳ್ಬ್ಯಾಡ.”

ನ್ಯಾಯಾಧೀಶರೇ ಸಾಕ್ಷಿಯನ್ನು ಒಳಹಾಕಿಕೊಂಡಿದ್ದಾರೆ! ವಿಜ್ಞಾನದ ಮೇಲೆ, ತನ್ನ ಸ್ವಂತ ಮಗಳ ಬೆಸುಗೆಯ ಮೇಲೆ ಇಷ್ಟು ಅಪನಂಬಿಕೆಯೇ? ಆಯೋಗ ಇದನ್ನು ಅತ್ಯುಗ್ರವಾಗಿ ಖಂಡಿಸುತ್ತದೆ.

ಖಂಡಿಸಿದ ಮೇಲೆ ರಿಪೇರಿಗೆ ಕೂತೆ. ಗುಂಡಿಗಳನ್ನು ಬಿಡಿಸಿ ತೊಳೆದು, ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಸಂದಿಗೆ ಕೂರಿಸಿದೆ. ದೊಡ್ಡ ಕಂಪನಿಗಳು ತಮ್ಮ ಫೋನು ನೀರು ತಡೆಯುತ್ತದೆ, ಧೂಳು ತಡೆಯುತ್ತದೆ ಎಂದು ಜಾಹೀರಾತು ಹಾಕುತ್ತವೆ. ಮುರುಗೇಶಪ್ಪ ಮಾದರಿ ಪೂಜೆ ತಡೆಯುತ್ತದೆ. ಪರೀಕ್ಷೆಗೆಂದು ಅಜ್ಜಿಯಿಂದಲೇ ಇನ್ನೊಮ್ಮೆ ವಿಭೂತಿ ಬಳಿಸಿ, ಒಣಗಲು ಬಿಟ್ಟು, ಒತ್ತಿ ನೋಡಿದೆ. ಇಳಿಯಿತು, ತಾಗಿತು, ರಿಂಗಾಯಿತು.

ಇವತ್ತು ಬೆಳಿಗ್ಗೆ ಅಜ್ಜ ಎರಡು ಸಲ ಒತ್ತಿದ. ಎರಡು ಗಾಡಿ ಬಂದವು. ಇದು ನಿಜವಾದ ರಿಂಗು, ನಿಜವಾದ ಗಾಡಿ, ಇದರಲ್ಲಿ ಯಾರ ಶಿಫಾರಸೂ ಇಲ್ಲ. ಆದ್ದರಿಂದ ಬಿರುದುಗಳನ್ನು ಹಿಂದಿರುಗಿಸುವ ಅಗತ್ಯ ಆಯೋಗಕ್ಕೆ ಕಂಡುಬಂದಿಲ್ಲ.

ಕಮಲಕ್ಕ ಫೋನಿಡುವ ಮುಂಚೆ ಇನ್ನೊಂದು ಮಾತು ಹೇಳಿದ್ದಳು. ಅದನ್ನು ಮೇಲೆ ಬರೆಯಲಿಲ್ಲ.

“ಅಮಾವಾಸ್ಯೆ ಹಿಂದಿನ ದಿನ ಸಂಜೀಗೆ ನೀನೂ ಅದನ್ನೇ ಹೇಳಿದ್ಯಲ್ಲವ್ವ, ‘ಕಾಲ್ ಬರ್ಲಿ ಬಿಡ್ಲಿ ಕಳ್ಸು’ ಅಂತ. ನಿಮ್ಮಿಬ್ರ ಮಾತಿಗೂ ಒಂದೊಂದು ಗಾಡಿ ತುಂಬ್ಸಾಣ ಅನ್ಕಂಡಿದ್ದೆ ನೋಡು.”